ಬಿಟ್ಟ ಟ್ರೌಟ್ ಈಜಿಹೋಯಿತು, ಹತ್ತು ನಿಮಿಷಕ್ಕೆ ಸತ್ತು ತೇಲಿತು: ಬೇಸಿಗೆಯ ಹೊಳೆಯಲ್ಲಿ ಟ್ರೌಟ್ ಮತ್ತು ಬಾಸ್

(ಗಾಳ ಹಾಕುವವರ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಹೊಸಗಾಳ

ನಾನು ಎರಡು ವರ್ಷಗಳಿಂದ ಒಂದೇ ಹೊಳೆಯಲ್ಲಿ ಗಾಳ ಹಾಕುತ್ತಿದ್ದೇನೆ. ಮೇಲ್ಭಾಗದಲ್ಲಿ, ಕಣಿವೆ ಕಿರಿದಾಗಿ ನೀರು ಬಂಡೆಗಳ ನಡುವೆ ಧುಮುಕುವಲ್ಲಿ, ಬ್ರೌನ್ ಟ್ರೌಟ್ ಮತ್ತು ರೇನ್‌ಬೋ ಟ್ರೌಟ್ ಎಂಬ ತಣ್ಣೀರಿನ ಮೀನುಗಳು ಸಿಗುತ್ತವೆ. ಏಳೆಂಟು ಕಿಲೋಮೀಟರ್ ಕೆಳಗೆ ಹೊಳೆ ಅಗಲವಾಗುತ್ತದೆ. ಅಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಮೀನುಗಳಿವೆ ಎಂದು ಬಲ್ಲವರು ಹೇಳುತ್ತಾರಾದರೂ ನಾನು ಆ ಕಡೆ ಹೋಗಿದ್ದು ಕಡಿಮೆ. ನಿಜ ಹೇಳಬೇಕೆಂದರೆ, ಟ್ರೌಟ್ ಇರುವಾಗ ಬಾಸ್ ಏಕೆ ಎಂಬ ಸಣ್ಣ ಅಹಂಕಾರವೂ ನನ್ನಲ್ಲಿತ್ತು.

ಕಳೆದ ವಾರ ಬಿಸಿಲಿನ ಝಳ ಇಳಿಯಲೆಂದು ಕಾದು ಸಂಜೆ ಆರೂವರೆಗೆ ನೀರಿಗಿಳಿದೆ. ಗಾಳಿ ತಂಪಾಗಿತ್ತು, ನೀರಿನ ಮೇಲೆ ಕ್ಯಾಡಿಸ್ ಹುಳುಗಳು ಏಳತೊಡಗಿದ್ದವು, ಮೂರನೆಯ ಎಸೆತಕ್ಕೇ ಒಂದು ಬ್ರೌನ್ ಟ್ರೌಟ್ ಕಚ್ಚಿತು. ನನ್ನ ಕೋಲು ತೀರ ಹಗುರವಾದದ್ದು, ದಾರವೂ ಒಂದು ಕಿಲೋ ಭಾರ ತಾಳುವಷ್ಟು ತೆಳುವಾದದ್ದು. ಹೀಗಾಗಿ ಮೀನನ್ನು ದಡಕ್ಕೆ ತರಲು ಆರೇಳು ನಿಮಿಷ ಹಿಡಿಯಿತು. ಬಲೆಯಿಂದ ಎತ್ತಿ, ಅಳತೆಪಟ್ಟಿಯ ಮೇಲಿಟ್ಟು (38 ಸೆಂ.ಮೀ. ಇತ್ತು), ಎರಡು ಫೋಟೊ ತೆಗೆದು ಬಿಟ್ಟೆ. ಕೈಯಿಂದ ಜಾರಿದ ಕೂಡಲೇ ಅದು ಬಾಲ ಬೀಸಿ ಕಲ್ಲುಗಳ ನಡುವೆ ಮರೆಯಾಯಿತು, ನನಗೂ ಸಮಾಧಾನವಾಯಿತು. ಹತ್ತು ನಿಮಿಷದ ಮೇಲೆ, ಇಪ್ಪತ್ತು ಹೆಜ್ಜೆ ಕೆಳಗೆ ನೀರು ನಿಂತಂತಿರುವ ಒಂದು ಮೂಲೆಯಲ್ಲಿ, ಬಿಳಿಯ ಹೊಟ್ಟೆ ಮೇಲಾಗಿ ಒಂದು ಮೀನು ತೇಲುತ್ತಿರುವುದು ಕಂಡಿತು. ಅದರ ಮೈಮೇಲಿನ ಕೆಂಪು ಚುಕ್ಕೆಗಳನ್ನು ಫೋಟೊದೊಡನೆ ಹೋಲಿಸಿ ನೋಡಿದೆ. ಅದೇ ಮೀನು.

ಗಾಳ ತುಟಿಯ ಅಂಚಿನಲ್ಲಷ್ಟೇ ಚುಚ್ಚಿತ್ತು, ರಕ್ತ ಬಂದಿರಲಿಲ್ಲ, ಕೈಯನ್ನೂ ಒದ್ದೆ ಮಾಡಿಕೊಂಡಿದ್ದೆ. ಹಾಗಾದರೆ ತಪ್ಪಿದ್ದೆಲ್ಲಿ? ಜೊತೆಗೆ ಇನ್ನೊಂದು ಪ್ರಶ್ನೆ: ಬೇಸಿಗೆಯ ಈ ಎರಡು ತಿಂಗಳು ಟ್ರೌಟನ್ನು ಬಿಟ್ಟು ಕೆಳಗಿನ ಬಾಸ್ ಕಡೆಗೆ ಹೋಗುವುದಾದರೆ ಎಲ್ಲಿಂದ ಆರಂಭಿಸಬೇಕು? ಒಮ್ಮೆ ಹೋಗಿದ್ದಾಗ ನನ್ನ ಚಿಕ್ಕ ಸ್ಪಿನ್ನರ್‌ಗೆ (ನೀರಿನಲ್ಲಿ ತಿರುಗುತ್ತ ಮಿನುಗುವ ಹುಸಿ ಎರೆ) ಬೆರಳುದ್ದದ ಮರಿಗಳಲ್ಲದೆ ಬೇರೇನೂ ಸಿಗಲಿಲ್ಲ.

ತಣ್ಣೀರು

ನೀವು ಗಾಳಿಯ ತಂಪನ್ನು ನೋಡಿದ್ದೀರಿ, ನೀರಿನ ತಂಪನ್ನು ನೋಡಲಿಲ್ಲ. ಬಹುಪಾಲು ಜನ ತಪ್ಪುವುದು ಇಲ್ಲಿಯೇ.

ಹೊಳೆಯ ನೀರು ಗಾಳಿಗಿಂತ ನಿಧಾನವಾಗಿ ಬಿಸಿಯೇರುತ್ತದೆ, ನಿಧಾನವಾಗಿಯೇ ಆರುತ್ತದೆ. ಹಗಲೆಲ್ಲ ಬಿಸಿಲು ಬಿದ್ದ ಬಂಡೆಗಳ ಮೇಲೆ, ತೆಳುವಾದ ಕಲ್ಲುಹಾಸಿನ ಮೇಲೆ ಹರಿದುಬಂದ ನೀರು ಅಂದಿನ ಅತಿ ಹೆಚ್ಚಿನ ಉಷ್ಣತೆಯನ್ನು ಮುಟ್ಟುವುದು ಇಳಿಹೊತ್ತಿನಲ್ಲಿ. ದೊಡ್ಡ ಹೊಳೆಗಳಲ್ಲಿ ಸಂಜೆಯವರೆಗೂ ಅದು ಇಳಿಯುವುದೇ ಇಲ್ಲ. ಹೊಳೆ ಅತ್ಯಂತ ತಣ್ಣಗಿರುವುದು ಸೂರ್ಯೋದಯದ ಆಸುಪಾಸಿನಲ್ಲಿ. ಆದುದರಿಂದ ಬೇಸಿಗೆಯಲ್ಲಿ ಟ್ರೌಟ್ ಹಿಡಿಯಬೇಕೆಂದಿದ್ದರೆ ಬೆಳಗಿನ ಮೂರು ಗಂಟೆಗಳೇ ಗತಿ. ಸಂಜೆ ಮನುಷ್ಯನಿಗೆ ಹಿತವೆನಿಸಿದರೂ ಮೀನಿಗೆ ಅದು ಮಧ್ಯಾಹ್ನವೇ.

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಸತತ ಮೂರು ದಿನ ನೀರು 73 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 23 ಡಿಗ್ರಿ ಸೆಲ್ಸಿಯಸ್) ಮುಟ್ಟಿದರೆ ಆ ಹೊಳೆಯಲ್ಲಿ ಮಧ್ಯಾಹ್ನ 2ರಿಂದ ನಡುರಾತ್ರಿಯವರೆಗೆ ಗಾಳ ಹಾಕುವುದನ್ನು ನಿಲ್ಲಿಸುವ ಕ್ರಮವಿದೆ. ನಿರ್ಬಂಧ ಸೂರ್ಯಾಸ್ತಕ್ಕೆ ಮುಗಿಯದೆ ನಡುರಾತ್ರಿಯವರೆಗೆ ಏಕೆ ಹೋಗುತ್ತದೆ ಎಂಬುದನ್ನು ಗಮನಿಸಿ. ಅದಕ್ಕೆ ಅಲ್ಲಿನವರು ‘ಹೂಟ್ ಔಲ್’ ಎನ್ನುತ್ತಾರೆ. ಕಾಡ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ಗೂಬೆ ಕೂಗುವ ನಸುಕಿನಲ್ಲಿಯೇ ಕೆಲಸಕ್ಕೆ ಹೋಗುತ್ತಿದ್ದ ಮರ ಕಡಿಯುವವರಿಂದ ಬಂದ ಹೆಸರು ಅದು.

ನಿಮ್ಮಲ್ಲಿ ಥರ್ಮಾಮೀಟರ್ ಇದೆಯೇ? ಇಲ್ಲದಿದ್ದರೆ ಹೊಸ ರೀಲ್ ಕೊಳ್ಳುವ ಮೊದಲು ಅದನ್ನು ಕೊಳ್ಳಿರಿ.

ಹೊಸಗಾಳ

ಇರಲಿಲ್ಲ. ಇಂದು ಒಂದನ್ನು ತಂದು, ದಾರಕ್ಕೆ ಕಟ್ಟಿ, ಅದೇ ಜಾಗದಲ್ಲಿ ನೆರಳಿರುವ ಕಡೆ ಎರಡು ನಿಮಿಷ ಮುಳುಗಿಸಿ ನೋಡಿದೆ. ಬೆಳಿಗ್ಗೆ 6ಕ್ಕೆ 17 ಡಿಗ್ರಿ. ಸಂಜೆ ಆರೂವರೆಗೆ 22.5. ಗಾಳಿ ಆಗ ಇಷ್ಟು ಹಿತವಾಗಿತ್ತೆಂದರೆ ಈ ಅಂಕಿಯನ್ನು ನಂಬಲಾಗದೆ ಇನ್ನೊಮ್ಮೆ ಅದ್ದಿ ನೋಡಿದೆ.

ನೊರೆನೀರು

ಒಂದು ಆಕ್ಷೇಪವಿದೆ. ಉಷ್ಣತೆಯೊಂದನ್ನೇ ಹಿಡಿದು ಹೆದರಿಸುವುದು ಸರಿಯಲ್ಲ. ಟ್ರೌಟ್‌ಗೆ ಬೇಕಾಗಿರುವುದು ಆಮ್ಲಜನಕ. ನೀರು ಕಲ್ಲುಗಳ ಮೇಲೆ ನೊರೆಯೆದ್ದು ಹರಿಯುವಲ್ಲಿ ಅದಕ್ಕೇನೂ ಕೊರತೆಯಿರುವುದಿಲ್ಲ. ನಾನು ಬೇಸಿಗೆಯಲ್ಲಿ ಮಡುಗಳನ್ನು ಬಿಟ್ಟು ನೊರೆನೀರಿನಲ್ಲಿ ಮಾತ್ರ ಗಾಳ ಹಾಕುತ್ತೇನೆ. ಬಿಟ್ಟ ಮೀನುಗಳೆಲ್ಲ ಚೆನ್ನಾಗಿಯೇ ಈಜಿಹೋಗಿವೆ.

ತಣ್ಣೀರು

ನೊರೆನೀರು ಅವರೇ, ಹೊಸಗಾಳ ಅವರ ಮೀನೂ ಚೆನ್ನಾಗಿಯೇ ಈಜಿಹೋಗಿತ್ತು. ಅವರು ಅದೇ ಜಾಗದಲ್ಲಿ ಹತ್ತು ನಿಮಿಷ ಉಳಿಯದೇ ಹೋಗಿದ್ದರೆ ಅವರೂ ನಿಮ್ಮ ಹಾಗೆಯೇ ಬರೆಯುತ್ತಿದ್ದರು.

ಆಮ್ಲಜನಕದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಸಮುದ್ರಮಟ್ಟದ ಎತ್ತರದಲ್ಲಿ, 12 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರ್ ಸಿಹಿನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಸುಮಾರು 10.8 ಮಿಲಿಗ್ರಾಂ, 22 ಡಿಗ್ರಿಯಲ್ಲಿ ಅದು ಸುಮಾರು 8.7ಕ್ಕೆ ಇಳಿಯುತ್ತದೆ. ನೊರೆಯೇಳುವ ನೀರು ಈ ಮಿತಿಯವರೆಗೆ ಬೇಗನೆ ತುಂಬಿಕೊಳ್ಳುತ್ತದೆ ಎಂಬುದು ನಿಜ. ಆದರೆ ಪಾತ್ರೆಯೇ ಚಿಕ್ಕದಾಗಿರುವಾಗ ಎಷ್ಟು ಕದಡಿದರೂ ಅದರಲ್ಲಿ ಹೆಚ್ಚು ಹಿಡಿಯುವುದಿಲ್ಲ. ಎತ್ತರದ ಹೊಳೆಯಾದರೆ ಇನ್ನೂ ಕಡಿಮೆ. 1500 ಮೀಟರ್ ಎತ್ತರದಲ್ಲಿ ವಾಯುಭಾರ ಕುಗ್ಗಿರುವುದರಿಂದ ಸುಮಾರು ಆರನೇ ಒಂದು ಪಾಲು ಕಳೆಯಬೇಕು.

ಇದು ಜಮೆಯ ಕಡೆಯ ಮಾತು. ಖರ್ಚಿನ ಕಡೆ ನೋಡಿದರೆ ಸ್ಥಿತಿ ಇನ್ನೂ ಬಿಗಿಯಾಗುತ್ತದೆ. ಮೀನು ಶೀತರಕ್ತದ ಪ್ರಾಣಿಯಾದುದರಿಂದ ನೀರು ಬಿಸಿಯಾದಂತೆ ಅದರ ಮೈಯ ಕೆಲಸವೂ ವೇಗವಾಗುತ್ತದೆ. ಹತ್ತು ಡಿಗ್ರಿ ಏರಿದರೆ ಸುಮ್ಮನೆ ನಿಂತಿರುವ ಮೀನಿಗೆ ಬೇಕಾಗುವ ಆಮ್ಲಜನಕವೂ ಸ್ಥೂಲವಾಗಿ ಎರಡು ಪಟ್ಟಾಗುತ್ತದೆ. ಅಂದರೆ 22 ಡಿಗ್ರಿಯಲ್ಲಿ ನಿಂತಿರುವ ಟ್ರೌಟ್ ದುಡಿಯದೆಯೇ ಏದುಸಿರು ಬಿಡುತ್ತಿರುತ್ತದೆ. ಅದರ ಬಾಯಿಗೆ ಗಾಳ ಸಿಕ್ಕಿಸಿ ಆರೇಳು ನಿಮಿಷ ಓಡಿಸಿದರೆ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ರಕ್ತ ಹುಳಿಯೇರಿ, ಆ ಸಾಲವನ್ನು ತೀರಿಸಲು ಮೀನಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಬಿಟ್ಟ ಕೂಡಲೇ ಬಾಲ ಬೀಸಿ ಓಡುವುದು ಹೆದರಿಕೆಯ ಕೊನೆಯ ಚೈತನ್ಯವೇ ಹೊರತು ಚೇತರಿಕೆಯ ಲಕ್ಷಣವಲ್ಲ.

ನಾನು ಇಟ್ಟುಕೊಂಡಿರುವ ಗಡಿ ಇದು: 18 ಡಿಗ್ರಿಯವರೆಗೆ ನಿಶ್ಚಿಂತೆ, 18ರಿಂದ 20ರವರೆಗೆ ಎಚ್ಚರ, 20 ದಾಟಿದರೆ ಟ್ರೌಟ್ ಗಾಳವನ್ನು ಮಡಚಿಡುವುದು. 25ರ ಆಸುಪಾಸಿನಲ್ಲಿ ಅವು ಯಾರೂ ಮುಟ್ಟದಿದ್ದರೂ ಸಾಯತೊಡಗುತ್ತವೆ. ಬ್ರೂಕ್ ಟ್ರೌಟ್ ಇರುವ ತೊರೆಯಾದರೆ ಇನ್ನೂ ಮೊದಲೇ ನಿಲ್ಲಿಸಬೇಕು. ಹೆಸರಿಗೆ ಟ್ರೌಟ್ ಆದರೂ ಅದು ಚಾರ್ ಎಂಬ ಬೇರೆ ಕುಲದ್ದು, ಬ್ರೌನ್ ಮತ್ತು ರೇನ್‌ಬೋಗಳಿಗಿಂತ ತಣ್ಣಗಿನ ನೀರನ್ನು ಬಯಸುವಂಥದ್ದು.

ಮಡುವಿನಂಚು

ಉಷ್ಣತೆಯ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಬೇಡ. ಹೊಸಗಾಳ ಅವರು ಹೇಳಿದ ಕ್ರಮದಲ್ಲಿ ಇನ್ನೆರಡು ದೋಷಗಳಿವೆ.

ಮೊದಲನೆಯದು ದಾರ. ತೆಳುವಾದ ದಾರದಲ್ಲಿ ದೊಡ್ಡ ಮೀನನ್ನು ಆಡಿಸಿ ಹಿಡಿಯುವುದು ಕೌಶಲವೆಂದು ನಮ್ಮಲ್ಲಿ ಅನೇಕರು ಹೆಮ್ಮೆಪಡುತ್ತೇವೆ. ಬಿಡುವ ಉದ್ದೇಶದಿಂದ ಹಿಡಿಯುವವರಿಗೆ ಆ ಹೆಮ್ಮೆ ಸಲ್ಲದು. ಎರಡು ಕಿಲೋ ತಾಳುವ ದಾರ ಹಾಕಿ, ಕೋಲನ್ನು ಮೇಲಕ್ಕೆತ್ತಿ ಹಿಡಿಯುವ ಬದಲು ಪಕ್ಕಕ್ಕೆ ಬಾಗಿಸಿ ಎಳೆದರೆ ಮೀನಿನ ತಲೆ ತಿರುಗುತ್ತದೆ, ಎರಡು ನಿಮಿಷದಲ್ಲಿ ಅದು ಬಲೆಯೊಳಗಿರುತ್ತದೆ.

ಎರಡನೆಯದು ಗಾಳಿ. ಕಿವಿರಿನ ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿರುತ್ತವೆ. ಹೊರಗೆ ತೆಗೆದೊಡನೆ ಒದ್ದೆ ಕೂದಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಫರ್ಗುಸನ್ ಮತ್ತು ಟಫ್ಟ್ಸ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ ರೇನ್‌ಬೋ ಟ್ರೌಟ್ ಪ್ರಯೋಗದ ಅಂಕಿಗಳು ನನಗೆ ಕಂಠಪಾಠವಾಗಿವೆ: ದಣಿಯುವವರೆಗೆ ಓಡಿಸಿ ನೀರಿನಲ್ಲೇ ಬಿಟ್ಟ ಮೀನುಗಳಲ್ಲಿ ಸತ್ತದ್ದು ಶೇ. 12, ದಣಿಸಿದ ಮೇಲೆ 30 ಸೆಕೆಂಡ್ ಗಾಳಿಯಲ್ಲಿಟ್ಟಾಗ ಶೇ. 38, 60 ಸೆಕೆಂಡ್ ಇಟ್ಟಾಗ ಶೇ. 72. ಅದು ಪ್ರಯೋಗಾಲಯದ ಕಠಿಣ ದಣಿವು, ಹೊಳೆಯಲ್ಲಿ ಅಂಕಿಗಳು ಅಷ್ಟು ಕ್ರೂರವಾಗಿರದೆ ಹೋಗಬಹುದು. ಆದರೆ ಅಳತೆಪಟ್ಟಿ ಹುಡುಕಿ, ಮೀನನ್ನು ಅದರ ಮೇಲೆ ಮಲಗಿಸಿ, ಎರಡು ಫೋಟೊ ತೆಗೆಯುವುದಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ಒಮ್ಮೆ ಗಡಿಯಾರ ನೋಡಿ ಎಣಿಸಿರಿ. ನಾನು ಎಣಿಸಿದಾಗ 50 ಸೆಕೆಂಡ್ ಆಗಿತ್ತು, ಆ ದಿನದಿಂದ ಅಳತೆಪಟ್ಟಿಯನ್ನು ಮನೆಯಲ್ಲೇ ಬಿಟ್ಟಿದ್ದೇನೆ. ಕೋಲಿನ ಹಿಡಿಯ ಮೇಲೆ 30 ಮತ್ತು 40 ಸೆಂ.ಮೀ.ಗೆ ಗುರುತು ಹಾಕಿಕೊಂಡರೆ ಬಲೆಯೊಳಗೆ, ನೀರಿನಲ್ಲೇ, ಅಂದಾಜು ಸಿಗುತ್ತದೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದಣಿದ ಮೀನನ್ನು ಬಾಲ ಹಿಡಿದು ಹಿಂದೆಮುಂದೆ ಆಡಿಸುವುದನ್ನು ಈಗಲೂ ಹಲವರು ಮಾಡುತ್ತಾರೆ. ನೀರು ಬಾಯಿಂದ ಒಳಬಂದು ಕಿವಿರಿನಿಂದ ಹೊರಹೋಗುವ ಹಾಗೆ ಮೀನಿನ ದೇಹ ರಚನೆಯಾಗಿದೆ. ಹಿಂದಕ್ಕೆ ಎಳೆದಾಗ ನೀರು ತಿರುಗುಮುರುಗಾಗಿ ನುಗ್ಗುತ್ತದೆ. ಮೂಗನ್ನು ಹರಿವಿಗೆ ಎದುರಾಗಿಸಿ, ಸೆಳವು ಹಗುರವಾಗಿರುವ ಕಡೆ, ಹೊಟ್ಟೆಯ ಕೆಳಗೆ ಅಂಗೈಯಿಟ್ಟು ಸುಮ್ಮನೆ ಹಿಡಿದುಕೊಂಡರೆ ಸಾಕು. ಕಿವಿರಿನ ಮುಚ್ಚಳ ಒಂದೇ ಲಯದಲ್ಲಿ ತೆರೆದು ಮುಚ್ಚತೊಡಗಿದ ಮೇಲೆ ಮೀನು ತಾನಾಗಿಯೇ ನಿಮ್ಮ ಕೈ ಬಿಟ್ಟು ಹೋಗುತ್ತದೆ.

ನೊರೆನೀರು

ತಣ್ಣೀರು ಅವರ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ಬಿಟ್ಟ ಮೀನಿನ ಹಿಂದೆ ಹತ್ತು ನಿಮಿಷ ನಿಂತು ನೋಡಿದವನಲ್ಲ ನಾನು. ಆದರೂ ಒಂದು ದಾರಿ ಉಳಿದಿದೆಯಲ್ಲವೇ? ನಮ್ಮ ಹೊಳೆಗೆ ಒಂದು ಕಡೆ ಬುಗ್ಗೆಯ ನೀರಿನ ಸಣ್ಣ ತೊರೆ ಬಂದು ಸೇರುತ್ತದೆ. ಅಲ್ಲಿ ನೀರು ಬೇಸಿಗೆಯಲ್ಲೂ ಕೈಗೆ ಚುರುಕೆನ್ನುವಷ್ಟು ತಣ್ಣಗಿರುತ್ತದೆ, ಮಧ್ಯಾಹ್ನದ ಹೊತ್ತು ಟ್ರೌಟ್‌ಗಳು ಸಾಲುಗಟ್ಟಿ ನಿಂತಿರುತ್ತವೆ. ಅಲ್ಲಿ 16 ಡಿಗ್ರಿ ಇದ್ದರೆ ಹಿಡಿಯುವುದರಲ್ಲಿ ತಪ್ಪೇನು?

ತಣ್ಣೀರು

ಅಲ್ಲಿ ಹಿಡಿಯುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ನನ್ನ ಅಭಿಪ್ರಾಯ. ಅರ್ಧ ಹೊಳೆಯ ಮೀನುಗಳು ಪ್ರಾಣ ಉಳಿಸಿಕೊಳ್ಳಲು ಬಂದು ಸೇರಿರುವ ಜಾಗವದು, ಅಗಲವಾಗಿ ಕೈಚಾಚಿದರೆ ಮುಗಿದುಹೋಗುವಷ್ಟು ಚಿಕ್ಕದು. ಗಾಳ ಸಿಕ್ಕಿದ ಮೀನು ಅಲ್ಲೇ ನಿಂತು ಹೋರಾಡುವುದಿಲ್ಲ. ತಣ್ಣೀರಿನ ಪಟ್ಟಿಯನ್ನು ಬಿಟ್ಟು ಬಿಸಿ ಹೊಳೆಯೊಳಕ್ಕೆ ಓಡುತ್ತದೆ, ದಣಿವೆಲ್ಲ ಅಲ್ಲಿಯೇ ಆಗುತ್ತದೆ. ಉಳಿದವು ನಿಮ್ಮ ಕಾಲಿನ ಸಪ್ಪಳಕ್ಕೆ ಹೆದರಿ ಚದುರುತ್ತವೆ.

ಥರ್ಮಾಮೀಟರನ್ನು ನೀರಿಗೆ ಅದ್ದುವಾಗಲೂ ಇದು ನೆನಪಿರಲಿ. ತೊರೆಯ ಬಾಯಲ್ಲಿ ಅಳೆದ 16 ಡಿಗ್ರಿ ಹೊಳೆಯ ಅಂಕಿಯಲ್ಲ.

ನೊರೆನೀರು

ಅಲ್ಲಿಗೆ ಇನ್ನು ಹೋಗುವುದಿಲ್ಲ. ಬಾಸ್ ಬಗ್ಗೆ ಯಾರಾದರೂ ಬರೆಯಿರಿ, ನನಗೂ ಈಗ ಅದು ಬೇಕಾಗಿದೆ.

ಕಲ್ಲುಹಾಸು

ಹದಿನೈದು ವರ್ಷಗಳಿಂದ ಸ್ಮಾಲ್‌ಮೌತ್ ಹಿಂದೆಯೇ ಬಿದ್ದವನು ನಾನು, ಆದುದರಿಂದ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಮೊದಲು ಮೀನಿನ ಪರಿಚಯ. ಬಾಸ್ ಟ್ರೌಟ್‌ನ ದಾಯಾದಿಯಲ್ಲ. ಟ್ರೌಟ್ ಸಾಲ್ಮನ್ ವಂಶದ್ದು. ಸ್ಮಾಲ್‌ಮೌತ್ ಮತ್ತು ಲಾರ್ಜ್‌ಮೌತ್ ಎರಡೂ ಸನ್‌ಫಿಶ್ ವಂಶದವು, ಮೂಲತಃ ಉತ್ತರ ಅಮೆರಿಕದವು. ಇವೆರಡನ್ನು ಬೇರ್ಪಡಿಸಲು ಬಾಯನ್ನು ಮುಚ್ಚಿ ನೋಡಬೇಕು: ಮೇಲ್ದವಡೆಯ ತುದಿ ಕಣ್ಣಿನ ಹಿಂದಿನ ಅಂಚನ್ನು ದಾಟಿದ್ದರೆ ಲಾರ್ಜ್‌ಮೌತ್, ದಾಟದಿದ್ದರೆ ಸ್ಮಾಲ್‌ಮೌತ್. ಲಾರ್ಜ್‌ಮೌತ್‌ಗೆ ಪಕ್ಕದಲ್ಲಿ ಉದ್ದಕ್ಕೆ ಒಂದು ಕಪ್ಪು ಪಟ್ಟಿ. ಸ್ಮಾಲ್‌ಮೌತ್‌ಗೆ ಕಂಚಿನ ಬಣ್ಣದ ಮೈಮೇಲೆ ನೆಟ್ಟಗಿನ ಮಸುಕು ಪಟ್ಟೆಗಳು. ಹೊಳೆಯಲ್ಲಿ ನಿಮಗೆ ಸಿಗುವುದು ಬಹುಮಟ್ಟಿಗೆ ಸ್ಮಾಲ್‌ಮೌತ್, ಏಕೆಂದರೆ ಅದು ಕಲ್ಲು ಮತ್ತು ಹರಿವನ್ನು ಇಷ್ಟಪಡುತ್ತದೆ. ಲಾರ್ಜ್‌ಮೌತ್ ನೀರು ನಿಂತಂತಿರುವ, ಜೊಂಡು ಬೆಳೆದ ಹಿನ್ನೀರಿನಲ್ಲಿ ಅಡಗಿರುತ್ತದೆ.

ಟ್ರೌಟ್ ಕಂಗೆಡುವ 20 ಡಿಗ್ರಿಯಲ್ಲಿ ಸ್ಮಾಲ್‌ಮೌತ್‌ಗೆ ಹಸಿವು ಕೆರಳುತ್ತದೆ. 18ರಿಂದ 26 ಡಿಗ್ರಿಯವರೆಗೆ ಅದು ಚುರುಕಾಗಿರುತ್ತದೆ. 10ಕ್ಕಿಂತ ಕೆಳಗೆ ಹೋದರೆ ಆಳವಾದ ಮಡು ಸೇರಿ ತೂಕಡಿಸುತ್ತದೆ. ಹೊಸಗಾಳ ಅವರ 22.5 ಡಿಗ್ರಿಯ ಸಂಜೆ ನನಗೆ ಸಿಕ್ಕಿದ್ದರೆ ನಾನು ಮನೆಯಲ್ಲಿ ಕೂರುತ್ತಿರಲಿಲ್ಲ.

ಈಗ ನೀರನ್ನು ಓದುವ ವಿಷಯ. ಟ್ರೌಟ್ ಹಿಡಿಯುವವರು ಬಾಸ್ ಕಡೆಗೆ ಬಂದಾಗ ಹೊಳೆಯ ನಡುವಿನ ವೇಗದ ನೀರಿಗೇ ಎಸೆಯುತ್ತಾರೆ, ಇಲ್ಲವೆ ಅತಿ ಆಳದ ಮಡುವಿನ ನಡುವೆ ಎಸೆಯುತ್ತಾರೆ. ಬಾಸ್ ಇವೆರಡರ ಅಂಚಿನಲ್ಲಿರುತ್ತದೆ. ಹರಿವಿನ ನಡುವೆ ಒಂದು ದೊಡ್ಡ ಬಂಡೆಯಿದೆ ಎಂದುಕೊಳ್ಳಿ: ಅದರ ಹಿಂದೆ ನೀರು ಶಾಂತವಾಗಿ ಒಳಗೊಳಗೇ ಸುಳಿ ತಿರುಗುತ್ತಿರುತ್ತದೆ, ಪಕ್ಕದಲ್ಲಿ ಸೆಳವು ಓಡುತ್ತಿರುತ್ತದೆ, ಇವೆರಡೂ ತಾಗುವಲ್ಲಿ ನೀರಿನ ಮೇಲೆ ಒಂದು ಗೆರೆ, ಕೆಲವೊಮ್ಮೆ ನೊರೆಯ ಎಳೆ, ಕಾಣುತ್ತದೆ. ಬಾಸ್ ಶಾಂತನೀರಿನಲ್ಲಿ ನಿಂತು ಸೆಳವಿನ ಕಡೆ ಮುಖಮಾಡಿ ಆ ಗೆರೆಯನ್ನು ಕಾಯುತ್ತಿರುತ್ತದೆ. ಬಂಡೆಯ ಮುಂದೆ, ನೀರು ಬಂದು ಬಡಿಯುವ ಕಡೆಯೂ ಒಂದು ಮೆತ್ತೆಯಂಥ ನಿಧಾನದ ನೀರಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ನನ್ನ ದೊಡ್ಡ ಮೀನುಗಳಲ್ಲಿ ಹಲವು ಬಂದದ್ದು ಅಲ್ಲಿಂದಲೇ.

ಇದರ ಮುಖ್ಯ ಆಹಾರ ಕ್ರೇಫಿಶ್, ಅಂದರೆ ಕಲ್ಲುಗಳ ಅಡಿಯಲ್ಲಿರುವ ಸಿಗಡಿಯಂಥ ಪ್ರಾಣಿ. ಗಾಳ ಬಿಡಿಸುವಾಗ ಗಂಟಲಲ್ಲಿ ಅದರ ಮೀಸೆಗಳು ಹೊರಚಾಚಿಕೊಂಡಿರುವುದನ್ನು ಅನೇಕ ಬಾರಿ ಕಂಡಿದ್ದೇನೆ. ಚಿಕ್ಕ ಸ್ಪಿನ್ನರ್‌ಗೆ ಮರಿಗಳು ಮಾತ್ರ ಏಕೆ ಬಂದವೆಂಬುದಕ್ಕೂ ಇದೇ ಉತ್ತರ: ದೊಡ್ಡ ಬಾಸ್ ನೆಲದ ಮೇಲೆ ಕಣ್ಣಿಟ್ಟಿರುವಾಗ ನೀವು ಅದರ ತಲೆಯ ಮೇಲೆ ಒಂದು ಸಣ್ಣ ಮಿನುಗನ್ನು ಹಾರಿಸುತ್ತಿದ್ದಿರಿ.

ಏಳೆಂಟು ಸೆಂ.ಮೀ. ಉದ್ದದ, ಕಂದು ಅಥವಾ ಪಾಚಿ ಬಣ್ಣದ ಮೆದು ಪ್ಲಾಸ್ಟಿಕ್ ಟ್ಯೂಬ್ ಒಂದನ್ನು ನಾಲ್ಕೈದು ಗ್ರಾಂ ತೂಕದ ಜಿಗ್ ಗಾಳಕ್ಕೆ (ತಲೆಯಲ್ಲಿ ಭಾರದ ಗುಂಡಿರುವ ಗಾಳ) ಏರಿಸಿ, ಮೂರು ಕಿಲೋ ತಾಳುವ ದಾರಕ್ಕೆ ಕಟ್ಟಿರಿ. ಹರಿವಿಗೆ ಎದುರಾಗಿ, ತುಸು ಓರೆಯಾಗಿ ಎಸೆದು, ಅದು ನೆಲ ಮುಟ್ಟಲು ಬಿಡಿ. ಆಮೇಲೆ ನೀವು ಎಳೆಯಬೇಡಿ, ಹರಿವೇ ಅದನ್ನು ಕಲ್ಲಿಂದ ಕಲ್ಲಿಗೆ ಉರುಳಿಸಲಿ, ನೀವು ಸಡಿಲವಾದ ದಾರವನ್ನು ಮಾತ್ರ ಸುತ್ತಿಕೊಳ್ಳುತ್ತಿರಿ. ಕೋಲಿಗೆ ಏಟು ಬೀಳಲಿ ಎಂದು ಕಾದರೆ ಅರ್ಧ ಮೀನುಗಳು ತಪ್ಪಿಹೋಗುತ್ತವೆ. ನೋಡಬೇಕಾದದ್ದು ದಾರವನ್ನು: ನೀರಿನ ಮೇಲೆ ಕಮಾನಾಗಿ ಮಲಗಿರುವ ದಾರ ಇದ್ದಕ್ಕಿದ್ದಂತೆ ನೆಟ್ಟಗಾದರೆ, ಪಕ್ಕಕ್ಕೆ ಸರಿದರೆ, ಅಥವಾ ಇಳಿಯುತ್ತಿದ್ದ ಟ್ಯೂಬ್ ನೆಲ ಮುಟ್ಟಬೇಕಾದುದಕ್ಕಿಂತ ಮೊದಲೇ ದಾರ ಸಡಿಲವಾಗಿಬಿಟ್ಟರೆ, ಅದು ಮೀನು. ಗಾಳ ಕಲ್ಲಿಗೆ ಸಿಕ್ಕಿಹಾಕಿಕೊಳ್ಳುವುದು ಖಂಡಿತ. ದಿನಕ್ಕೆ ನಾಲ್ಕು ಜಿಗ್ ಕಳೆಯದಿದ್ದರೆ ನೀವು ಸಾಕಷ್ಟು ಆಳಕ್ಕೆ ಹೋಗಿಲ್ಲ ಎಂದೇ ಅರ್ಥ.

ಸೂರ್ಯ ಮುಳುಗಿದ ಮೇಲೆ ಅರ್ಧ ಗಂಟೆ ಮಾತ್ರ ಇದೆಲ್ಲವನ್ನೂ ಮರೆತುಬಿಡಿ. ಆಗ ಬಾಸ್ ಮೊಣಕಾಲುದ್ದದ ನೀರಿಗೂ ಬರುತ್ತದೆ. ಮೇಲೆ ತೇಲುವ ಪಾಪರ್ ಎಂಬ ಹುಸಿ ಎರೆಯೊಂದನ್ನು ಎಸೆದು, ಎದ್ದ ಉಂಗುರಗಳು ಪೂರ್ತಿ ಮಾಯವಾಗುವವರೆಗೆ ಅಲುಗಿಸದೆ ಕಾದು, ಒಮ್ಮೆ ಮಾತ್ರ ಟಪ್ಪೆನ್ನಿಸಿ.

ಮಡುವಿನಂಚು

ಫ್ಲೈ (ಗಾಳಕ್ಕೆ ಕೂದಲು, ಗರಿ ಸುತ್ತಿ ಮಾಡಿದ ಹುಸಿ ಎರೆ) ಎಸೆಯುವ ಕೋಲನ್ನೇ ಬಳಸುವವರಿಗೆ ಒಂದು ಸೇರಿಕೆ: ತಲೆಯ ಮೇಲೆ ಎರಡು ಸೀಸದ ಕಣ್ಣುಗಳಿರುವ ಕ್ಲೌಸರ್ ಮಿನ್ನೋ ಎಂಬ ಫ್ಲೈಯನ್ನು ಬಾಬ್ ಕ್ಲೌಸರ್ 1980ರ ದಶಕದಲ್ಲಿ ಅಮೆರಿಕದ ಸಸ್ಕ್ವೆಹಾನಾ ನದಿಯ ಸ್ಮಾಲ್‌ಮೌತ್‌ಗಾಗಿಯೇ ರೂಪಿಸಿದರು. ಕಣ್ಣುಗಳ ಭಾರಕ್ಕೆ ಗಾಳದ ಮೊನೆ ಮೇಲ್ಮುಖವಾಗಿ ತಿರುಗುವುದರಿಂದ ಅದು ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಈಗ ಅದನ್ನು ಸಮುದ್ರದ ಮೀನುಗಳಿಗೂ ಬಳಸುತ್ತಾರೆ.

ಇಳಿಜಾರು

ಬೇರೆ ದಿಕ್ಕಿನ ಒಂದು ಅನುಮಾನ. ನಾನು ಹೋಗುವ ನದಿಗೆ ಎತ್ತರದ ಅಣೆಕಟ್ಟು ಇದೆ. ಅಲ್ಲಿ ಎಲ್ಲವೂ ತಲೆಕೆಳಗು: ಬೇಸಿಗೆಯಲ್ಲೂ ಅಣೆಕಟ್ಟಿನ ಬುಡದಲ್ಲಿ ಟ್ರೌಟ್ ಸಿಗುತ್ತವೆ, ಮೇಲಿನ ಜಲಾಶಯದಲ್ಲಿ ಬಾಸ್ ಇವೆ. ಮೇಲೆ ತಂಪು, ಕೆಳಗೆ ಬಿಸಿ ಎಂಬ ನಿಯಮ ಅಲ್ಲಿ ಏಕೆ ನಡೆಯುವುದಿಲ್ಲ?

ತಣ್ಣೀರು

ನಿಯಮ ನಡೆಯುತ್ತಿದೆ, ಹೊಳೆಯ ತಲೆಯೇ ಅಲ್ಲಿ ಹೊಸದಾಗಿ ಆರಂಭವಾಗಿದೆ. ಬೇಸಿಗೆಯಲ್ಲಿ ಆಳವಾದ ಜಲಾಶಯದ ನೀರು ಪದರಗಳಾಗಿ ಬೇರ್ಪಡುತ್ತದೆ: ಬಿಸಿಲು ತಾಗಿದ ಹಗುರ ನೀರು ಮೇಲೆ, ತಣ್ಣಗಿನ ಭಾರದ ನೀರು ಅಡಿಯಲ್ಲಿ. ನೀರನ್ನು ಅಡಿಯ ಪದರದಿಂದ ಹೊರಬಿಡುವ ಅಣೆಕಟ್ಟಾದರೆ ಬೇಸಿಗೆಯ ನಡುವೆಯೂ ಕೆಳಗೆ ಟ್ರೌಟ್‌ಗೆ ಒಪ್ಪುವ ನೀರು ಹರಿಯುತ್ತದೆ. ಕೆಳಕ್ಕೆ ಹೋದಂತೆ ಬಿಸಿಲು ಕುಡಿದು, ಹಲವು ಕಿಲೋಮೀಟರ್ ಆದ ಮೇಲೆ ಮತ್ತೆ ಬಾಸ್ ನೀರಾಗುತ್ತದೆ. ಮೇಲ್ಪದರದಿಂದ ನೀರು ಬಿಡುವ ಅಣೆಕಟ್ಟಾದರೆ ಇದರ ಲಾಭವಿಲ್ಲ.

ಅಲ್ಲಿ ಹೋಗುವಾಗ ಒಂದು ಎಚ್ಚರಿಕೆ. ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ನೀರು ಬಿಡುವ ಕಡೆ, ಆಕಾಶ ನಿರ್ಮಲವಾಗಿದ್ದರೂ ಕೆಲವೇ ನಿಮಿಷದಲ್ಲಿ ಮೊಣಕಾಲಿನ ನೀರು ಸೊಂಟಕ್ಕೆ ಬರಬಹುದು. ನೀರಿಗಿಳಿದ ಕೂಡಲೇ ದಡದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಅದು ಒದ್ದೆಯಾದರೆ ದಾರ ಸುತ್ತುತ್ತ ನಿಲ್ಲದೆ ತಕ್ಷಣ ಹೊರಬನ್ನಿ.

ನೊರೆನೀರು

ಕಲ್ಲುಹಾಸು ಅವರೇ, ವಸಂತದ ಕೊನೆಯಲ್ಲಿ ದಡದ ಬಳಿ ಬಾಸ್‌ಗಳು ತೆಳುನೀರಿನಲ್ಲಿ ನಿಂತು ಏನೇ ಎಸೆದರೂ ಕಚ್ಚುತ್ತವೆ ಎಂದು ಕೇಳಿದ್ದೇನೆ. ಕಲಿಯುವವರಿಗೆ ಅದೇ ಸುಲಭವಾದ ಕಾಲವಲ್ಲವೇ?

ಕಲ್ಲುಹಾಸು

ಸುಲಭವೇನೋ ನಿಜ. ಆದರೆ ಆಗ ಕಚ್ಚುತ್ತಿರುವುದು ಹಸಿದ ಮೀನಲ್ಲ, ಮೊಟ್ಟೆ ಕಾಯುತ್ತಿರುವ ಗಂಡು. ನೀರು 15 ಡಿಗ್ರಿ ದಾಟಿದ ಮೇಲೆ ಗಂಡು ಬಾಸ್ ಬಾಲದಿಂದ ಮಣ್ಣು ಸರಿಸಿ, ಚಿಕ್ಕ ಕಲ್ಲುಗಳ ಮೇಲೆ ತಟ್ಟೆಯಂಥ ಒಂದು ಗುಂಡನೆಯ ಜಾಗವನ್ನು ಹಸನು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಅಲ್ಲೇ ನಿಂತು ರೆಕ್ಕೆ ಬೀಸಿ ಮೊಟ್ಟೆಗಳಿಗೆ ನೀರಾಡಿಸುತ್ತ, ಹತ್ತಿರ ಬಂದದ್ದನ್ನೆಲ್ಲ ಓಡಿಸುತ್ತದೆ. ಅದನ್ನು ಹಿಡಿದು ನೀವು ಎರಡು ನಿಮಿಷದಲ್ಲಿ ಬಿಟ್ಟರೂ ಅಷ್ಟರಲ್ಲಿ ಸಣ್ಣ ಮೀನುಗಳು ಮೊಟ್ಟೆಗಳಿಗೆ ಮುತ್ತಿಗೆ ಹಾಕಿರುತ್ತವೆ. ದಡದಿಂದ ಆ ತಿಳಿಬಣ್ಣದ ತಟ್ಟೆಗಳು ಕಂಡರೆ ನಾನು ಆ ಜಾಗವನ್ನು ಬಿಟ್ಟು ಮುಂದೆ ಹೋಗುತ್ತೇನೆ. ಕೆಲವು ಪ್ರದೇಶಗಳಲ್ಲಿ ಆ ವಾರಗಳಲ್ಲಿ ಬಾಸ್ ಹಿಡಿಯುವುದಕ್ಕೆ ಕಾನೂನಿನ ನಿರ್ಬಂಧವೂ ಇದೆ. ನಿಮ್ಮ ನೀರಿನ ನಿಯಮವನ್ನು ಮೊದಲೇ ನೋಡಿಕೊಳ್ಳಿ.

ಹೊಸಗಾಳ

ಎಲ್ಲರಿಗೂ ವರದಿ ಒಪ್ಪಿಸಬೇಕಾಗಿದೆ. ಭಾನುವಾರ ಕೆಳಗಿನ ಹೊಳೆಗೆ ಹೋಗಿದ್ದೆ. ಸಂಜೆ 5ಕ್ಕೆ ನೀರು 24 ಡಿಗ್ರಿ. ಮೊದಲ ಒಂದು ಗಂಟೆಯಲ್ಲಿ ಮೂರು ಜಿಗ್ ಕಲ್ಲುಗಳ ಪಾಲಾದವು, ಒಂದೂ ಮೀನು ಮುಟ್ಟಲಿಲ್ಲ. ಕಲ್ಲುಹಾಸು ಅವರ ಮಾತಿನ ಮೇಲೆ ಸ್ವಲ್ಪ ಸಿಟ್ಟೇ ಬಂದಿತ್ತು.

ಆಮೇಲೆ ತಿಳಿಯಿತು, ನಾನು ಅಭ್ಯಾಸಬಲದಿಂದ ರೀಲ್ ಸುತ್ತುತ್ತಲೇ ಇದ್ದೆ, ಟ್ಯೂಬ್ ನೆಲವನ್ನೇ ಮುಟ್ಟುತ್ತಿರಲಿಲ್ಲ. ಮುಟ್ಟಿದಾಗ ಕಲ್ಲಿನ ಸಂದಿಗೆ ಎಳೆದು ಸಿಕ್ಕಿಸುತ್ತಿದ್ದವನೂ ನಾನೇ. ಒಂದು ಕಾರಿನಷ್ಟು ದೊಡ್ಡ ಬಂಡೆಯ ಮುಂಭಾಗಕ್ಕೆ ಎಸೆದು, ಬಲಗೈಯನ್ನು ರೀಲ್‌ನಿಂದ ಪೂರ್ತಿ ತೆಗೆದು ತೊಡೆಯ ಮೇಲಿಟ್ಟುಕೊಂಡು ದಾರವನ್ನೇ ನೋಡುತ್ತ ಕುಳಿತೆ. ದಾರ ಎರಡು ಸುರುಳಿಯಾಗಿ ನೀರಿನ ಮೇಲೆ ಮಲಗಿತ್ತು. ಮೊದಲ ಸುರುಳಿ ಮೆಲ್ಲನೆ ಬಿಚ್ಚಿಕೊಂಡಿತು, ಅದು ಹರಿವಿನಿಂದಲೇ ಎಂದುಕೊಂಡೆ. ಎರಡನೆಯದು ಬಿಚ್ಚಿಕೊಂಡದ್ದು ಹರಿವಿಗೆ ಎದುರು ದಿಕ್ಕಿನಲ್ಲಿ. ಕೋಲೆತ್ತಿದಾಗ ಮೀನು ನೇರವಾಗಿ ಮೇಲಕ್ಕೆ ಬಂದು, ನೀರಿನಿಂದ ಪೂರ್ತಿ ಹೊರಗೆ ಹಾರಿ, ತಲೆಯನ್ನು ಎಡಕ್ಕೂ ಬಲಕ್ಕೂ ಒದರಿ ಮತ್ತೆ ಬಿದ್ದಿತು. ಇಂಥದ್ದನ್ನು ನಾನು ಟ್ರೌಟ್‌ನಲ್ಲಿ ಕಂಡಿಲ್ಲ. ಮೂರು ಕಿಲೋ ದಾರವಾದುದರಿಂದ ಒಂದೂವರೆ ನಿಮಿಷದಲ್ಲಿ ಕೈಗೆ ಬಂತು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಚಪ್ಪಟೆ ಮಾಡಿದ್ದೆ, ನೀರಿನಲ್ಲೇ ಜಾರಿ ಬಿಟ್ಟಿತು. ಕೋಲಿನ ಗುರುತಿನ ಪ್ರಕಾರ 31 ಸೆಂ.ಮೀ. ಕಣ್ಣು ಕೆಂಪಗಿತ್ತು. ಈ ಸಲ ಬಿಟ್ಟ ಮೇಲೆ ಕಾಲು ಗಂಟೆ ಅಲ್ಲೇ ಕಲ್ಲಿನ ಮೇಲೆ ಕುಳಿತೆ, ಏನೂ ತೇಲಿಬರಲಿಲ್ಲ.

ಎರಡು ಸಣ್ಣ ಪ್ರಶ್ನೆಗಳು. ದವಡೆಯನ್ನು ಹೆಬ್ಬೆರಳಿನಿಂದ ಹಿಡಿದಿದ್ದೆ, ಅದು ಸರಿಯೇ? ಹಾಗೂ 31 ಸೆಂ.ಮೀ. ಮೀನಿಗೆ ಎಷ್ಟು ವಯಸ್ಸಾಗಿರಬಹುದು?

ಕಲ್ಲುಹಾಸು

ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು, ಅದರಿಂದಲೇ ಕೈ ರೀಲ್ ಬಿಟ್ಟಿತು.

ಬಾಸ್‌ನ ಹಲ್ಲು ಮರಳುಕಾಗದದಷ್ಟೇ ಒರಟು, ಆದುದರಿಂದ ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿಯಬಹುದು. ಆದರೆ ಮೀನು ನೆಟ್ಟಗೆ ತೂಗುವಂತಿರಲಿ, ಅಡ್ಡಲಾಗಿ ಹಿಡಿಯುವುದಾದರೆ ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ದವಡೆಯೊಂದರಿಂದಲೇ ಅಡ್ಡಲಾಗಿ ಎತ್ತಿದರೆ ಅದರ ಕೀಲಿಗೆ ಪೆಟ್ಟಾಗುತ್ತದೆ. ಟ್ರೌಟನ್ನು ಮಾತ್ರ ಎಂದೂ ಹೀಗೆ ಹಿಡಿಯಬೇಡಿ, ಅದರ ಹಲ್ಲು ಚೂಪು, ದವಡೆ ನಾಜೂಕು.

ವಯಸ್ಸು ನೀರಿನ ಉಷ್ಣತೆ ಮತ್ತು ಆಹಾರದ ಮೇಲೆ ಹೋಗುತ್ತದೆ. ಹೊಳೆಯ ಸ್ಮಾಲ್‌ಮೌತ್ ನಿಧಾನವಾಗಿ ಬೆಳೆಯುವುದರಿಂದ ನಿಮ್ಮ ಮೀನಿಗೆ ನಾಲ್ಕೈದು ವರ್ಷವಾಗಿರಬಹುದು. ಅದು ಆ ಬಂಡೆಯ ಮುಂದೆಯೇ ಈ ಬೇಸಿಗೆ ಕಳೆಯುವ ಸಂಭವ ಹೆಚ್ಚು. ಮುಂದಿನ ಸಲ ಬಂಡೆಯ ಹಿಂಭಾಗದ ಗೆರೆಯನ್ನೂ ಒಮ್ಮೆ ನೋಡಿಬನ್ನಿ.